ಬುಡ್ಡೆಹಣ್ಣಿನ ಲಾಂದ್ರ

ಸೊಲನೇಸೀ ಕುಟುಂಬವನ್ನು ತರಗತಿಯಲ್ಲಿ ವಿವರಿಸುವಾಗ ‘ಚೀನೀ ಲಾಂದ್ರ’ವೆಂಬ ಅಲಂಕಾರ ಸಸ್ಯದ ಚಿತ್ರವನ್ನು ತೋರಿಸುವುದುಂಟು. ದಕ್ಷಿಣ ಯೂರೋಪಿನಿಂದ ಜಪಾನಿನವರೆಗೆ ಹಬ್ಬಿರುವ ಈ ಸಸ್ಯದ ಹಣ್ಣನ್ನು ಕಿತ್ತಳೆಗೆಂಪು ಬಣ್ಣದ, ಕಾಗದದಂಥ ಕವಚವೊಂದು ಸುತ್ತುವರಿದಿರುತ್ತದೆ. ಟೋಕಿಯೋ ನಗರದ ಆಸಾಕುಸ ದೇವಾಲಯದಲ್ಲಿ ಪ್ರತಿವರ್ಷ ಜುಲೈ 9 ಮತ್ತು 10ರಂದು ಇದರ ಕುಂಡಗಳದೇ ಒಂದು ಸಂತೆ ನೆರೆಯುತ್ತದೆ. ತಂಪು ನಾಡಿನ ಈ ಸಸ್ಯಕ್ಕಾಗಿ ನಾವು ಹಂಬಲಿಸಬೇಕಾದುದಿಲ್ಲ. ಅದರ ಹತ್ತಿರದ ಬಂಧುವೊಂದು ಶಿವಮೊಗ್ಗದಲ್ಲಿ ತುಂಗೆಯ ದಡದಲ್ಲಿಯೂ ಭದ್ರಾವತಿಯ ಗದ್ದೆಯ ಬದುಗಳಲ್ಲಿಯೂ ಕಳೆಯಾಗಿ ಬೆಳೆಯುತ್ತದೆ. ಜನರು ಅದನ್ನು ಬುಡ್ಡೆಹಣ್ಣಿನ ಗಿಡವೆಂದೂ ಗುಪ್ಪಟೆಯೆಂದೂ ಕರೆಯುತ್ತಾರೆ. ಮಕ್ಕಳು ಅದರ ಬುಡ್ಡೆಯನ್ನು ಹಣೆಗೆ ಹೊಡೆದು ಸಿಡಿಸುತ್ತಾರೆ. ಶಾಸ್ತ್ರೀಯ ನಾಮ ಫೈಸಾಲಿಸ್ ಆಂಗ್ಯುಲೇಟ. ಫೈಸಾ ಎಂಬ ಗ್ರೀಕ್ ಶಬ್ದಕ್ಕೆ ಗುಳ್ಳೆಯೆಂದೇ ಅರ್ಥವಾದುದರಿಂದ, ಲಿನೇಯಸನೂ ನಮ್ಮ ಹಳ್ಳಿಗರೂ ಒಂದೇ ಲಕ್ಷಣವನ್ನು ಕಂಡು ಹೆಸರಿಟ್ಟರೆನ್ನಬೇಕು. 1753ರಲ್ಲಿ ಆತನು ಎರಡು ಸಸ್ಯಗಳನ್ನೂ ಒಂದೇ ಜಾತಿಯಲ್ಲಿರಿಸಿದನು. ಈಗ ಚೀನೀ ಲಾಂದ್ರವನ್ನು ಆಲ್ಕೆಕೆಂಜಿ ಎಂಬ ಬೇರೆ ಜಾತಿಗೆ ಸೇರಿಸಲಾಗಿದೆ.

ಈ ಬುಡ್ಡೆ ಹಣ್ಣಿನ ಸಿಪ್ಪೆಯಲ್ಲ, ಎಲೆಯೂ ಅಲ್ಲ. ಅದು ಹೂವಿನ ಪುಷ್ಪಪಾತ್ರೆ. ಬದನೆ, ಟೊಮೇಟೊ ಮೊದಲಾದವುಗಳಲ್ಲಿ ಪುಷ್ಪಪಾತ್ರೆಯು ಹಣ್ಣಿನ ತೊಟ್ಟಿನ ಬಳಿ ಉಳಿದುಕೊಳ್ಳುವುದನ್ನು ವಿದ್ಯಾರ್ಥಿಗಳು ಬಲ್ಲರು. ಬುಡ್ಡೆಗಿಡದಲ್ಲಿ ಅದು ಉಳಿಯುವುದು ಮಾತ್ರವಲ್ಲ, ಬೆಳೆಯುತ್ತದೆ. ಹೂವರಳಿದಾಗ ಕೆಲವೇ ಮಿಲಿಮೀಟರುಗಳಷ್ಟಿರುವ ಐದು ಹಲ್ಲುಗಳ ಬಟ್ಟಲು, ತಿಳಿಹಳದಿಯ ದಳಗಳು ಉದುರಿದ ಬಳಿಕ ಉಬ್ಬಿ, ತುದಿಗಳನ್ನು ಒಂದಕ್ಕೊಂದು ತಾಗಿಸಿ ಮುಚ್ಚಿಕೊಳ್ಳುತ್ತದೆ. ಒಳಗಿನ ಹಣ್ಣು ಸುಮಾರು 1 ಸೆಂ.ಮೀ.ನಷ್ಟಿದ್ದರೆ ಹೊರಗಿನ ಕೋಶ ಅದರ ಎರಡು ಮೂರು ಪಟ್ಟು ಉದ್ದವಾಗಿರುತ್ತದೆ. ನಡುವೆ ಬರಿಯ ಗಾಳಿ. ಹಸುರಾಗಿರುವಾಗ ಕೋಶವು ತಾನೇ ಆಹಾರವನ್ನು ತಯಾರಿಸಿ ಹಣ್ಣಿಗೆ ಒದಗಿಸುತ್ತದೆ. ಕೀಟಗಳಿಗೆ ಅದು ತಡೆ. ನೀರಿಗೆ ಬಿದ್ದರೆ ತೆಪ್ಪ.

ಹೀಗೆ ಉಬ್ಬುವುದೇಕೆ? 2005ರಲ್ಲಿ ಜರ್ಮನಿಯ ಕಲೋನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಹೆ ಮತ್ತು ಸೇಡ್ಲರ್ ಎಂಬವರು ಎಂಪಿಎಫ್2 ಎಂಬ ಜೀನ್ ಇದಕ್ಕೆ ಮುಖ್ಯವೆಂದು ತೋರಿಸಿದರು. ಆಲೂಗಡ್ಡೆಯಲ್ಲಿ ಇದರ ಸರಿಜೋಡಿಯು ಎಲೆ ಮುಂತಾದ ಭಾಗಗಳಲ್ಲಿ ವ್ಯಕ್ತವಾದರೆ, ಫೈಸಾಲಿಸಿನಲ್ಲಿ ಹೂವಿನಲ್ಲಿಯೂ ವ್ಯಕ್ತವಾಗುತ್ತದೆ. ಆದರೆ ಜೀನ್ ಒಂದೇ ಸಾಲದು. ಗರ್ಭಾಂಕುರವಾಗದ ಹೂವಿನಲ್ಲಿ ಕೋಶ ಉಬ್ಬದೆಂಬುದನ್ನು ಫೈಸಾಲಿಸ್ ಫ್ಲೋರಿಡಾನದಲ್ಲಿ ಅವರೇ ಕಂಡರು. ಸೈಟೊಕೈನಿನ್, ಜಿಬ್ಬರೆಲಿನ್ ಹಾರ್ಮೋನುಗಳ ಸಂಕೇತವೂ ಬೇಕು. ಮೊಗ್ಗಿನಲ್ಲಿಯೇ ಕೇಸರಗಳನ್ನು ಚಿಮಟದಿಂದ ತೆಗೆದು ತೆಳುಬಟ್ಟೆಯ ಚೀಲ ಕಟ್ಟಿ ನೋಡುವ ಈ ಪ್ರಯೋಗಕ್ಕೆ ದುಬಾರಿ ಉಪಕರಣವೇನೂ ಬೇಡ. ನಮ್ಮ ಗಿಡದಲ್ಲಿ ವಿದ್ಯಾರ್ಥಿಗಳೇ ಮಾಡಬಹುದು.

ಈ ರಚನೆ ಬಲು ಪುರಾತನ. ಅರ್ಜೆಂಟೈನಾದ ಪೆಟಗೋನಿಯದಲ್ಲಿ ದೊರೆತ, 5.2 ಕೋಟಿ ವರ್ಷ ಹಳೆಯ ಬುಡ್ಡೆಹಣ್ಣಿನ ಪಳೆಯುಳಿಕೆಗಳನ್ನು 2017ರಲ್ಲಿ ವರ್ಣಿಸಲಾಯಿತು.

ಬುಡ್ಡೆಯನ್ನು ಕಂಡೊಡನೆ ತಿನ್ನಬಹುದಾದ ಹಣ್ಣೆಂದು ಭಾವಿಸುವುದು ಅಪಾಯಕರ. ಅಶ್ವಗಂಧ, ಅಂದರೆ ಹಿರೇಮದ್ದಿನ ಗಿಡದ ಕೆಂಪು ಹಣ್ಣಿಗೂ ಇಂಥದೇ ಕೋಶವಿದೆ, ಅದು ಆಹಾರವಲ್ಲ. ಬುಡ್ಡೆಹಣ್ಣಾದರೂ ಕಾಯಾಗಿರುವಾಗ ವಿಷಯುಕ್ತವೆಂದೇ ಎಣಿಸಬೇಕು. ಹೂವನ್ನು ನೋಡದೆ ಬುಡ್ಡೆಯೊಂದರಿಂದಲೇ ಗಿಡವನ್ನು ನಿರ್ಧರಿಸುವ ಅಭ್ಯಾಸವನ್ನು ಅಧ್ಯಾಪಕರು ಮೊದಲೇ ತಡೆಯಬೇಕು.

ಗದ್ದೆಗಳಲ್ಲಿ ಕಳೆನಾಶಕದ ಬಳಕೆ ಹೆಚ್ಚಿದಂತೆ ಬದುಗಳೂ ಬರಿದಾಗುತ್ತಿವೆ. ಶಂಕರಘಟ್ಟದ ವಿಶ್ವವಿದ್ಯಾನಿಲಯದ ಆವರಣದಿಂದ ಭದ್ರಾವತಿಗೆ ಹೋಗುವ ದಾರಿಯ ಪಕ್ಕವನ್ನು ಮಳೆಗಾಲ ಹಿಂದೆಗೆಯುವ ಹೊತ್ತಿಗೆ ಪರೀಕ್ಷಿಸಿದರೆ ಸಾಕು: ಒಂದೇ ಕೊಂಬೆಯಲ್ಲಿ ಮೊಗ್ಗು, ಹೂವು, ಎಳೆಯ ಬುಡ್ಡೆ, ಒಣಗಿದ ಬುಡ್ಡೆ ಎಲ್ಲವೂ ಸಿಗುತ್ತವೆ. ಕೋಶ ಕೊಳೆತು ನಾಳಗಳ ಜಾಲವಷ್ಟೇ ಉಳಿದಿರುವ ಬುಡ್ಡೆ ದೊರೆತರೆ ಅದನ್ನು ಒತ್ತದೆ ಗಾಜಿನ ಸೀಸೆಯಲ್ಲಿಡಬೇಕು.