ಮನೆಯಲ್ಲಿ ಮಾಡಿದ ಡಿ.ವಿ.ಡಿ. ಓಡುತ್ತಿಲ್ಲವೇ?

ಮಗಳ ಮದುವೆ, ಮೊಮ್ಮಗನ ಉಪನಯನ, ಸಂಘದ ರಾಜ್ಯೋತ್ಸವದ ನಾಟಕ - ಇವನ್ನೆಲ್ಲ ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಡಿ.ವಿ.ಡಿ.ಗೆ ಹಾಕಿಸಿ ಬೀರುವಿನಲ್ಲಿ ಜೋಪಾನವಾಗಿಟ್ಟವರು ನಮ್ಮಲ್ಲಿ ಅನೇಕರು. ಈಗ ಊರಿನಿಂದ ಬಂದ ನೆಂಟರಿಗೆ ತೋರಿಸೋಣವೆಂದರೆ ಟಿ.ವಿ. ಪರದೆಯ ಮೇಲೆ 'ನೋ ಡಿಸ್ಕ್' ಎಂಬ ಉತ್ತರ! ಅಂಗಡಿಯಿಂದ ತಂದ ಸಿನಿಮಾ ಮಾತ್ರ ಅದೇ ಪ್ಲೇಯರಿನಲ್ಲಿ ಸೊಗಸಾಗಿ ಓಡುತ್ತದೆ. ಹಾಗೆಂದು ಡಿಸ್ಕ್ ಕೆಟ್ಟಿತೆಂದು ಎಸೆದುಬಿಡಬೇಡಿ.

ಎರಡಕ್ಕೂ ಇರುವ ವ್ಯತ್ಯಾಸ ತಿಳಿದರೆ ಅರ್ಧ ಸಮಸ್ಯೆ ಬಗೆಹರಿದಂತೆ. ಸಿನಿಮಾ ಡಿಸ್ಕನ್ನು ಕಾರ್ಖಾನೆಯಲ್ಲಿ ಅಚ್ಚು ಒತ್ತಿ ತಯಾರಿಸುತ್ತಾರೆ. ಅದರ ಗುಳಿಗಳು ಸ್ಪಷ್ಟ. ನಮ್ಮ ಡಿಸ್ಕಿನಲ್ಲಿರುವುದು ಒಂದು ಬಣ್ಣದ ಲೇಪ. ಲೇಸರ್ ಕಿರಣ ಅದರಲ್ಲಿ ಸುಟ್ಟ ಗುರುತುಗಳೇ ಚಿತ್ರ. ಅಳಿಸಿ ಮತ್ತೆ ಬರೆಯಬಹುದಾದ 'ಆರ್.ಡಬ್ಲ್ಯೂ.' ಡಿಸ್ಕ್‌ಗಳ ಪದರ ಬೇರೆ. ಒಂದೇ ಪದರದ ಸಿನಿಮಾ ಡಿಸ್ಕ್ ಶೇ. 45ರಿಂದ 85ರಷ್ಟು ಬೆಳಕನ್ನು ಹಿಂದಿರುಗಿಸಿದರೆ, ಇವು ಶೇ. 18ರಿಂದ 30ರಷ್ಟನ್ನು ಮಾತ್ರ. ಪ್ಲೇಯರಿಗೆ ವಯಸ್ಸಾಗಿ ಲೆನ್ಸಿಗೆ ಧೂಳು ಹಿಡಿದಿದ್ದರೆ ಮೊದಲು ಓದಲಾಗದಿರುವುದು ಮನೆಯ ಡಿಸ್ಕನ್ನೇ.

ಆದ್ದರಿಂದ ಕ್ರಮವಾಗಿ ಪರೀಕ್ಷಿಸಿ.

1. ಮೆತ್ತನೆಯ ಹತ್ತಿಬಟ್ಟೆಯಿಂದ ಡಿಸ್ಕನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಬೇಡಿ.

2. ಬೇರೊಂದು ಪ್ಲೇಯರಿನಲ್ಲೋ ಕಂಪ್ಯೂಟರಿನಲ್ಲೋ ಹಾಕಿ ನೋಡಿ. ಅಲ್ಲಿ ಓಡಿದರೆ ಚಿತ್ರ ಕ್ಷೇಮ. ದೋಷ ನಿಮ್ಮ ಪ್ಲೇಯರಿನದಿರಬಹುದು.

3. ರೆಕಾರ್ಡರಿನಲ್ಲೋ ಡಿಸ್ಕ್ ಕ್ಯಾಮೆರಾದಲ್ಲೋ ಮುದ್ರಿಸಿದ್ದರೆ ಕೊನೆಯಲ್ಲಿ 'ಫೈನಲೈಸ್' ಮಾಡಿದ್ದರೇ ವಿಚಾರಿಸಿ. ಅದಿಲ್ಲದ ಡಿಸ್ಕ್ ಪರಿವಿಡಿಯಿಲ್ಲದ ಪುಸ್ತಕವಿದ್ದಂತೆ. ಮುದ್ರಿಸಿದ ಯಂತ್ರ ಇನ್ನೂ ಇದ್ದರೆ ಅದರಲ್ಲಿಯೇ ಈ ಕೆಲಸ ಮುಗಿಸಬಹುದು.

4. ಕಂಪ್ಯೂಟರಿನಿಂದ ಫೈಲುಗಳನ್ನು ಹಾಗೆಯೇ ನಕಲು ಮಾಡಿದ್ದರೆ ಅದು 'ಡಾಟಾ' ಡಿಸ್ಕ್. ಹಳೆಯ ಪ್ಲೇಯರುಗಳಿಗೆ ಎಂಪೆಗ್-2 ಮಾದರಿಯ 'ಡಿ.ವಿ.ಡಿ. ವಿಡಿಯೋ' ಆಗಿಯೇ ಬೇಕು. ಆ ಆಯ್ಕೆಯಿರುವ ತಂತ್ರಾಂಶದಲ್ಲಿ, ಕಡಿಮೆ ವೇಗದಲ್ಲಿ, ಹೊಸ ಡಿಸ್ಕಿಗೆ ಬರೆಯಿರಿ. ಮೇಲೆ ಕಾಗದದ ಚೀಟಿ ಅಂಟಿಸಬೇಡಿ. ತಿರುಗುವಾಗ ಸಮತೋಲ ತಪ್ಪುತ್ತದೆ.

ಅಮೆರಿಕದಲ್ಲಿರುವ ಮಗನಿಗೆ ಕಳಿಸಿದ ಡಿಸ್ಕ್ ಅಲ್ಲಿ ಓಡದಿದ್ದರೆ ಕಾರಣ ಬೇರೆಯೂ ಇರಬಹುದು. ನಮ್ಮದು ಪಾಲ್ ಪದ್ಧತಿ, ಅಲ್ಲಿಯದು ಎನ್.ಟಿ.ಎಸ್.ಸಿ. ಅಲ್ಲಿಯ ಅನೇಕ ಪ್ಲೇಯರುಗಳು ಪಾಲ್ ಡಿಸ್ಕನ್ನು ತೋರಿಸುವುದಿಲ್ಲ. ಕಂಪ್ಯೂಟರಿನಲ್ಲಿ ಹಾಕಿ ನೋಡಲು ಹೇಳಿ.

ಒಮ್ಮೆ ಎಲ್ಲಿಯಾದರೂ ಓಡಿತೆಂದರೆ ಅಲ್ಲಿಗೇ ಬಿಡಬೇಡಿ. ಬಿಸಿಲು, ಸೆಕೆ, ತೇವಕ್ಕೆ ಡಿಸ್ಕಿನ ಲೇಪ ಕೆಡುತ್ತದೆ. ಇಂದು ತಡವರಿಸುವ ಡಿಸ್ಕ್ ಮುಂದಿನ ವರ್ಷ ಪೂರ್ತಿ ಮೂಕವಾಗಬಹುದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿ.ವಿ.ಡಿ. ಡ್ರೈವ್ ಇರುವುದೇ ಅಪರೂಪ. ಯು.ಎಸ್.ಬಿ.ಗೆ ಜೋಡಿಸುವ ಹೊರಗಿನ ಡ್ರೈವ್ ಕೊಳ್ಳಬಹುದು. ನಾಲ್ಕು ಮನೆಯವರು ಸೇರಿ ಒಂದನ್ನು ತಂದರೂ ಸಾಕು. ಹಾರ್ಡ್ ಡಿಸ್ಕಿನಲ್ಲೊಂದು, ಬೇರೆ ಮನೆಯಲ್ಲೊಂದು - ಹೀಗೆ ಎರಡು ಪ್ರತಿ ಇಟ್ಟುಕೊಳ್ಳಿ.

ಸಿನಿಮಾ ಡಿಸ್ಕ್ ಕೆಟ್ಟರೆ ಇನ್ನೊಂದು ಸಿಕ್ಕೀತು. ಅಂದು ಧಾರೆಯೆರೆದ ಅಜ್ಜಿಯ ಕೈ, ಹಸೆಯ ಹಾಡು ಹೇಳಿದ ದೊಡ್ಡಮ್ಮನ ದನಿ ಇರುವುದು ನಿಮ್ಮ ಬೀರುವಿನ ಆ ಒಂದೇ ಡಿಸ್ಕಿನಲ್ಲಿ. ಬರುವ ಭಾನುವಾರವೇ ಅದನ್ನು ಹೊರತೆಗೆಯಿರಿ.