ಹೆರಿಗೆ ರಜೆಯಲ್ಲೇ ಕೆಲಸ ಹೋದರೆ: ದುಬೈ, ಅಬುಧಾಬಿಯ ಅಮ್ಮಂದಿರಿಗೊಂದು ಲೆಕ್ಕಾಚಾರ

ಇವತ್ತು ಎರಡು ಸಂಖ್ಯೆಗಳಿಂದ ಶುರು ಮಾಡೋಣ: 40 ಮತ್ತು 30. ನಮ್ಮ ಕಡೆ ಬಾಣಂತನ ಅಂದರೆ ಸಾಮಾನ್ಯವಾಗಿ 40 ದಿನ. ಯುಎಇಯಲ್ಲಿ ಕೆಲಸ ಕಳೆದುಕೊಂಡವರು ನಿರುದ್ಯೋಗ ವಿಮೆಗೆ ಅರ್ಜಿ ಹಾಕೋಕೆ ಇರೋ ಅವಧಿ 30 ದಿನ. ಹೆರಿಗೆ ರಜೆಯಲ್ಲಿ ಇರುವಾಗಲೇ ಕೆಲಸ ಹೋದರೆ, ಬಾಣಂತನ ಮುಗಿಯೋದರೊಳಗೆ ವಿಮೆಯ ಗಡುವು ಮುಗಿದು ಹೋಗಬಹುದು. ಹಾಗಾಗಿ ಇವತ್ತಿನ ಸಂಚಿಕೆಯಲ್ಲಿ ಮೂರು ವಿಷಯ: ಕಾನೂನು ಏನು ಹೇಳುತ್ತೆ, ಕೈಗೆ ಎಷ್ಟು ದುಡ್ಡು ಬರುತ್ತೆ, ಮತ್ತೆ ಕೆಲಸ ಹುಡುಕುವಾಗ ಸಂಶೋಧನೆಗಳಿಂದ ನಮಗೆ ಏನು ಸಹಾಯ ಸಿಗುತ್ತೆ.

ಮೊದಲು ಕಾನೂನು. ಯುಎಇಯ ಖಾಸಗಿ ವಲಯಕ್ಕೆ ಅನ್ವಯಿಸುವ 2021ರ 33ನೇ ಫೆಡರಲ್ ಕಾಯ್ದೆ 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೆರಿಗೆ ರಜೆ 60 ದಿನ: 45 ದಿನ ಪೂರ್ತಿ ಸಂಬಳ, 15 ದಿನ ಅರ್ಧ ಸಂಬಳ. ಗರ್ಭ ಅಥವಾ ಹೆರಿಗೆಯಿಂದ ತಾಯಿಗೋ ಮಗುವಿಗೋ ಕಾಯಿಲೆಯಾದರೆ ಇನ್ನೂ 45 ದಿನ ಸಂಬಳವಿಲ್ಲದ ರಜೆ ಸಿಗುತ್ತೆ. ದುಬೈನ ಡಿಐಎಫ್‌ಸಿ ಅನ್ನೋ ಹಣಕಾಸು ವಲಯಕ್ಕೆ ತನ್ನದೇ ಕಾನೂನಿದೆ, ಅಲ್ಲಿ ಒಂದು ವರ್ಷ ಸೇವೆ ಮಾಡಿದವರಿಗೆ 65 ಕೆಲಸದ ದಿನಗಳ ರಜೆ. ಅಬುಧಾಬಿಯ ಎಡಿಜಿಎಂ ವಲಯಕ್ಕೂ ಪ್ರತ್ಯೇಕ ನಿಯಮಗಳಿವೆ. ಹೋಲಿಕೆಗೆ ನೋಡಿ, ಭಾರತದಲ್ಲಿ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಇದೆ. ಊರಿನಲ್ಲಿರೋ ಅಕ್ಕತಂಗಿಯರ ಲೆಕ್ಕ ಇಲ್ಲಿಗೆ ಹೊಂದೋದಿಲ್ಲ.

ಇನ್ನು ಮುಖ್ಯ ಮಾತು. ಗರ್ಭಿಣಿ ಅನ್ನೋ ಕಾರಣಕ್ಕೆ, ಅಥವಾ ಹೆರಿಗೆ ರಜೆ ತೆಗೆದುಕೊಂಡಳು ಅನ್ನೋ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ನೋಟಿಸ್ ಕೂಡ ಕೊಡುವಂತಿಲ್ಲ ಅಂತ ಫೆಡರಲ್ ಕಾಯ್ದೆಯ 30ನೇ ವಿಧಿ ಹೇಳುತ್ತೆ. ಇಲ್ಲಿ 'ಕಾರಣಕ್ಕೆ' ಅನ್ನೋ ಪದವನ್ನ ಗಮನಿಸಿ. ಯಾವ ಕಂಪನಿಯೂ ಪತ್ರದಲ್ಲಿ 'ನಿಮಗೆ ಮಗು ಆಯಿತು, ಅದಕ್ಕೆ ತೆಗೆದೆವು' ಅಂತ ಬರೆಯೋದಿಲ್ಲ. 'ವಿಭಾಗ ಮುಚ್ಚಿದೆವು', 'ಹುದ್ದೆ ರದ್ದಾಯಿತು' ಅಂತ ಬರೆಯುತ್ತೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದ್ದರಿಂದ ಕಾಗದಪತ್ರಗಳೇ ನಿಮ್ಮ ಬಲ: ರಜೆ ಮಂಜೂರಾದ ಇಮೇಲ್, ಕೆಲಸ ಕೊನೆಗೊಳಿಸಿದ ಪತ್ರ, ಅದೇ ಹುದ್ದೆಗೆ ಬೇರೆಯವರನ್ನ ತೆಗೆದುಕೊಂಡ ಜಾಹೀರಾತು. ಆಫೀಸಿನ ಇಮೇಲ್ ಮುಚ್ಚುವ ಮೊದಲೇ ನಿಮಗೆ ಬಂದಿರೋ ಪತ್ರಗಳ ಪ್ರತಿ ಇಟ್ಟುಕೊಳ್ಳಿ. ದೂರನ್ನ ಮಾನವ ಸಂಪನ್ಮೂಲ ಸಚಿವಾಲಯಕ್ಕೆ, ಅಂದರೆ ಎಲ್ಲರೂ 'ಮೊಹ್ರೆ' ಅನ್ನೋ ಕಚೇರಿಗೆ ಕೊಡಬೇಕು. ಡಿಐಎಫ್‌ಸಿ, ಎಡಿಜಿಎಂನವರ ದಾರಿ ಬೇರೆ, ಆ ವಲಯಗಳಿಗೆ ಅವರದೇ ನ್ಯಾಯಾಲಯಗಳಿವೆ. ಒಂದು ಎಚ್ಚರಿಕೆ: 'ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಡಿ, ಇಬ್ಬರಿಗೂ ಒಳ್ಳೆಯದು' ಅಂತ ಯಾರಾದರೂ ಹೇಳಿದರೆ ತಕ್ಷಣ ಸಹಿ ಹಾಕಬೇಡಿ. ರಾಜೀನಾಮೆ ಕೊಟ್ಟವರಿಗೆ ನಿರುದ್ಯೋಗ ವಿಮೆ ಸಿಗೋದಿಲ್ಲ.

ಈಗ ದುಡ್ಡಿನ ಲೆಕ್ಕ. ನಿರುದ್ಯೋಗ ವಿಮೆ 2023ರ ಜನವರಿ 1ರಂದು ಶುರುವಾಯಿತು. ಮೂಲ ವೇತನ 16,000 ದಿರ್ಹಮ್‌ವರೆಗೆ ಇದ್ದರೆ ಕಂತು ತಿಂಗಳಿಗೆ 5 ದಿರ್ಹಮ್, ಅದಕ್ಕಿಂತ ಹೆಚ್ಚಿದ್ದರೆ 10. ಸತತ 12 ತಿಂಗಳು ಕಂತು ಕಟ್ಟಿರಬೇಕು. ಕೆಲಸ ಹೋದರೆ ಕೊನೆಯ ಆರು ತಿಂಗಳ ಸರಾಸರಿ ಮೂಲ ವೇತನದ ಶೇ. 60ರಷ್ಟು, ಗರಿಷ್ಠ ಮೂರು ತಿಂಗಳು ಸಿಗುತ್ತೆ. ಇದಕ್ಕೆ ಮಿತಿ ಮೊದಲ ವರ್ಗಕ್ಕೆ ತಿಂಗಳಿಗೆ 10,000, ಎರಡನೆಯದಕ್ಕೆ 20,000 ದಿರ್ಹಮ್.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೂಲ ವೇತನ 8,000 ದಿರ್ಹಮ್, ಸೇವೆ ಮೂರು ವರ್ಷ. ವಿಮೆಯಿಂದ ತಿಂಗಳಿಗೆ 4,800, ಮೂರು ತಿಂಗಳಿಗೆ 14,400. ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ. 8,000ವನ್ನ 30ರಿಂದ ಭಾಗಿಸಿ 21ರಿಂದ ಗುಣಿಸಿದರೆ 5,600, ಮೂರು ವರ್ಷಕ್ಕೆ 16,800. ಈ ಬಾಕಿಯನ್ನ ಕೆಲಸ ಮುಗಿದ 14 ದಿನದೊಳಗೆ ಕಂಪನಿ ಕೊಡಬೇಕು. ಲೆಕ್ಕವೆಲ್ಲ ಮೂಲ ವೇತನದ ಮೇಲೆ, ಮನೆ ಬಾಡಿಗೆ ಭತ್ಯೆ ಸೇರಿದ ಪೂರ್ತಿ ಸಂಬಳದ ಮೇಲಲ್ಲ. ಹಾಗಾಗಿ ಎಷ್ಟೋ ಜನ ಅಂದುಕೊಂಡಿದ್ದಕ್ಕಿಂತ ಕಡಿಮೆ ಬರುತ್ತೆ.

ಇಲ್ಲೊಂದು ಸಿಕ್ಕು ಇದೆ. ಬಾಣಂತನಕ್ಕೆ ಮಂಗಳೂರಿಗೋ ಹುಬ್ಬಳ್ಳಿಗೋ ತವರಿಗೆ ಹೋಗೋದು ನಮ್ಮ ರೂಢಿ. ಆದರೆ ವಿಮೆ ಪಡೆಯೋಕೆ ನೀವು ಯುಎಇಯಲ್ಲಿ ಕಾನೂನುಬದ್ಧವಾಗಿ ಇರಬೇಕು. ಟಿಕೆಟ್ ಬುಕ್ ಮಾಡುವ ಮೊದಲು ಈ ಲೆಕ್ಕ ಹಾಕಿ, ಸಾಧ್ಯವಾದರೆ ಅಮ್ಮನನ್ನೇ ಇಲ್ಲಿಗೆ ಕರೆಸಿಕೊಳ್ಳಿ. ವೀಸಾ ಗಂಡನ ಪ್ರಾಯೋಜಕತ್ವದಲ್ಲಿ ಇದ್ದರೆ ಕೆಲಸ ಹೋದರೂ ನಿಮ್ಮ ವಾಸಕ್ಕೆ ತೊಂದರೆ ಇಲ್ಲ. ಕಂಪನಿ ವೀಸಾ ಆಗಿದ್ದರೆ ರದ್ದಾದ ಮೇಲೆ ಎಷ್ಟು ದಿನ ಇರಬಹುದು ಅನ್ನೋದನ್ನ ಅವತ್ತೇ ಕೇಳಿ ತಿಳಿದುಕೊಳ್ಳಿ. ಆರೋಗ್ಯ ವಿಮೆ ಯಾವ ದಿನ ನಿಲ್ಲುತ್ತೆ ಅನ್ನೋದನ್ನೂ ಕೇಳಿ, ಮಗುವಿನ ಲಸಿಕೆಗಳು ಮುಂದಿವೆ.

ಇನ್ನು ವಿಜ್ಞಾನ. 'ಹೆರಿಗೆ ಆದ ಮೇಲೆ ಬುದ್ಧಿ ಮಂಕಾಗುತ್ತೆ' ಅನ್ನೋ ಮಾತು ಕೇಳಿರ್ತೀರಿ. ಬಾರ್ಸಿಲೋನಾದಲ್ಲಿ ಮೊದಲ ಬಾರಿ ತಾಯಂದಿರಾದ 25 ಮಹಿಳೆಯರ ಮೆದುಳನ್ನ ಗರ್ಭಕ್ಕೆ ಮೊದಲು ಮತ್ತು ಹೆರಿಗೆಯ ನಂತರ ಸ್ಕ್ಯಾನ್ ಮಾಡಿದರು. ಮೆದುಳಿನ ಬೂದು ದ್ರವ್ಯ ಕೆಲವು ಭಾಗಗಳಲ್ಲಿ ಕಡಿಮೆಯಾಗಿತ್ತು, ಎರಡು ವರ್ಷವಾದರೂ ಆ ಬದಲಾವಣೆ ಉಳಿದಿತ್ತು. ಆದರೆ ನೆನಪಿನ ಪರೀಕ್ಷೆಗಳಲ್ಲಿ ಅವರು ಹಿಂದೆ ಬಿದ್ದಿರಲಿಲ್ಲ. ಬದಲಾದದ್ದು ಮುಖ್ಯವಾಗಿ ಇನ್ನೊಬ್ಬರ ಮನಸ್ಸನ್ನ ಅರ್ಥ ಮಾಡಿಕೊಳ್ಳುವ ಭಾಗಗಳು. ನಿದ್ದೆಗೆಟ್ಟ ಸುಸ್ತು ಬೇರೆ, ಸಾಮರ್ಥ್ಯ ಕುಂದೋದು ಬೇರೆ.

ಹಾಗಾದರೆ ಅಡ್ಡಿ ಎಲ್ಲಿದೆ? ನೋಡುವವರ ಕಣ್ಣಲ್ಲಿ. ಅಮೆರಿಕದ ಸಮಾಜವಿಜ್ಞಾನಿ ಶೆಲ್ಲಿ ಕೊರೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಮಟ್ಟದ ಅರ್ಹತೆಯ ರೆಸ್ಯೂಮೆಗಳನ್ನ ಕಂಪನಿಗಳಿಗೆ ಕಳಿಸಿದರು. ಮಕ್ಕಳಿಲ್ಲದ ಮಹಿಳೆಯರಿಗೆ ತಾಯಂದಿರಿಗಿಂತ 2.1 ಪಟ್ಟು ಹೆಚ್ಚು ಕರೆ ಬಂತು. ಅಪ್ಪಂದಿರಿಗೆ ಈ ನಷ್ಟ ಆಗಲಿಲ್ಲ. ಸಮಾಜವಿಜ್ಞಾನಿ ಕೇಟ್ ವೈಶಾರ್ 2018ರಲ್ಲಿ ಇನ್ನೊಂದು ವಿಷಯ ತೋರಿಸಿದರು: ಮಕ್ಕಳಿಗಾಗಿ ತಾವೇ ಕೆಲಸ ಬಿಟ್ಟೆವು ಅಂದವರಿಗೆ, ಕೆಲಸ ಹೋಗಿದೆ ಅಂದವರಿಗಿಂತ ಸುಮಾರು ಅರ್ಧದಷ್ಟೇ ಕರೆಗಳು ಬಂದವು. ಅಂದರೆ ನಡೆದದ್ದನ್ನ ನಡೆದ ಹಾಗೇ ಹೇಳೋದು ಒಳ್ಳೆಯದು. ಹುದ್ದೆ ರದ್ದಾಗಿದ್ದರೆ 'ಹುದ್ದೆ ರದ್ದಾಯಿತು' ಅನ್ನಿ, ನಾಚಿಕೆಯಿಂದ 'ಮಗುವಿಗೋಸ್ಕರ ಬಿಟ್ಟೆ' ಅನ್ನಬೇಡಿ.

ರೆಸ್ಯೂಮೆ ಬರೆಯುವ ರೀತಿಯೂ ಮುಖ್ಯ. ಬ್ರಿಟನ್‌ನಲ್ಲಿ 9,000ಕ್ಕೂ ಹೆಚ್ಚು ಅರ್ಜಿಗಳ ಒಂದು ಪ್ರಯೋಗ ನಡೆಯಿತು. ಪ್ರತಿ ಕೆಲಸದ ಮುಂದೆ ತಾರೀಖು ಹಾಕುವ ಬದಲು 'ನಾಲ್ಕು ವರ್ಷ' ಅಂತ ಅನುಭವವನ್ನ ಬರೆದಾಗ, ಮಧ್ಯೆ ಬಿಡುವು ಕಾಣುವ ರೆಸ್ಯೂಮೆಗಿಂತ ಸುಮಾರು ಶೇ. 15ರಷ್ಟು ಹೆಚ್ಚು ಕರೆ ಬಂತು. ಗಲ್ಫ್‌ನಲ್ಲಿ ರೆಸ್ಯೂಮೆಗೆ ಫೋಟೊ, ಮದುವೆ, ಮಕ್ಕಳ ವಿವರ ಎಲ್ಲ ತುಂಬೋ ಅಭ್ಯಾಸ ಇದೆ. ಮಕ್ಕಳ ಸಾಲನ್ನ ಬಿಡಿ. ವೀಸಾ ವಿವರ ಮಾತ್ರ ಇರಲಿ, ಗಂಡನ ವೀಸಾದಲ್ಲಿ ಇದ್ದರೆ ಕಂಪನಿ ಕೆಲಸದ ಪರವಾನಗಿ ಮಾಡಿಸಿದರೆ ಸಾಕು.

ಕೊನೆಯದು, ಪರಿಚಯಗಳು. ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೊಸ ಕೆಲಸಕ್ಕೆ ಹೆಚ್ಚು ನೆರವಾದದ್ದು ಆಪ್ತ ಗೆಳೆಯರಲ್ಲ, ಸ್ವಲ್ಪ ದೂರದ ಪರಿಚಯದವರು. ಕನ್ನಡ ರಾಜ್ಯೋತ್ಸವದಲ್ಲಿ ವರ್ಷಕ್ಕೊಮ್ಮೆ ಸಿಗೋ ಅಂಥವರು, ಹಳೆ ಆಫೀಸಿನ ಬೇರೆ ವಿಭಾಗದವರು. ಅವರಿಗೆ ಒಂದು ಮೆಸೇಜ್ ಹಾಕೋಕೆ ಸಂಕೋಚ ಬೇಡ.

ಈ ವಾರ ಮಾಡಬೇಕಾದ್ದು ಇಷ್ಟು: ಕೆಲಸ ಮುಗಿದ ತಾರೀಖನ್ನ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ 30 ದಿನ ಎಣಿಸಿ. ವಿಮೆಯ ಅರ್ಜಿ ತುಂಬೋ ಕೆಲಸವನ್ನ ಮನೆಯವರಿಗೆ ವಹಿಸಿ, ಆ ಹೊತ್ತಿನಲ್ಲಿ ಬಾಣಂತಿ ಸ್ವಲ್ಪ ಮಲಗಲಿ. ನೋಟಿಸ್ ಅವಧಿ ಇನ್ನೂ ನಡೀತಾ ಇದ್ದರೆ ಕೆಲಸ ಹುಡುಕೋಕೆ ವಾರಕ್ಕೊಂದು ದಿನ ಸಂಬಳವಿಲ್ಲದ ಬಿಡುವು ಕೇಳೋ ಹಕ್ಕೂ ನಿಮಗಿದೆ. ಪರಿಚಯದಲ್ಲಿ ಯಾರಾದರೂ ಈ ಸ್ಥಿತಿಯಲ್ಲಿದ್ದರೆ ಈ ಸಂಚಿಕೆಯನ್ನ ಇವತ್ತೇ ಕಳಿಸಿ.