ಕೆಂಪಾದ ಕೆನ್ನೆಗೆ ಯಾವ ಲೇಸರ್?

ದೀಪಾವಳಿ ಮುಗಿದು ಮದುವೆ ಸೀಸನ್ ಶುರುವಾಯಿತೆಂದರೆ ಗುರುಗ್ರಾಮ, ನೋಯ್ಡಾದ ಸ್ಕಿನ್ ಕ್ಲಿನಿಕ್‌ಗಳಲ್ಲಿ ಲೇಸರ್ ಪ್ಯಾಕೇಜುಗಳ ಭರಾಟೆ. ಕೆನ್ನೆ, ಮೂಗಿನ ಪಕ್ಕ ಕೆಂಪು ದಾರದಂತೆ ಕಾಣುವ ರಕ್ತನಾಳಗಳಿಗೂ ಲೇಸರ್ ಇದೆ. ಆದರೆ 'ಯಾವ ಲೇಸರ್?' ಎಂದು ಕೇಳುವವರು ಕಡಿಮೆ. ನಮ್ಮ ಗೋಧಿ, ಕಂದು ಬಣ್ಣದ ಚರ್ಮಕ್ಕೆ ಅದೇ ಮುಖ್ಯ ಪ್ರಶ್ನೆ.

ರಕ್ತದಲ್ಲಿರುವ ಹಿಮೋಗ್ಲೋಬಿನ್ ಹೀರಿಕೊಳ್ಳುವಂಥ ಬೆಳಕನ್ನು ಕ್ಷಣಮಾತ್ರ ಬಿಟ್ಟರೆ ನಾಳ ಕಾದು ಮುಚ್ಚಿಕೊಳ್ಳುತ್ತದೆ, ಸುತ್ತಲಿನ ಚರ್ಮ ಉಳಿಯುತ್ತದೆ. ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ವಿವರಿಸಿದ ತತ್ವವಿದು. ತೊಡಕೆಂದರೆ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಆ ಬೆಳಕನ್ನು ಹೀರುತ್ತದೆ.

595 ನ್ಯಾನೋಮೀಟರಿನ ಪಲ್ಸ್ಡ್ ಡೈ ಲೇಸರ್ ಕೆಂಪು ಮುಖಕ್ಕೆ ಹಳೆಯ, ನಂಬಿಕೆಯ ಸಾಧನ. ಶಕ್ತಿ ಹೆಚ್ಚಿಸಿದರೆ ವಾರ, ಹತ್ತು ದಿನ ನೇರಳೆ ಕಲೆ ಉಳಿಯುತ್ತದೆ. ಮದುವೆಗೆ ಮುನ್ನ ಲೆಕ್ಕ ಹಾಕಿ! 532ರ ಕೆಟಿಪಿ ಬಿಳಿ ಚರ್ಮದ ಸಣ್ಣ ನಾಳಗಳಿಗೆ ಒಳ್ಳೆಯದು, ನಮ್ಮಲ್ಲಿ ಸುಟ್ಟು ಕಪ್ಪು ಕಲೆ ಬೀಳುವ ಅಪಾಯ ಹೆಚ್ಚು. 1064ರ ಎನ್‌ಡಿ ಯಾಗ್ ಬೆಳಕನ್ನು ಮೆಲನಿನ್ ಕಡಿಮೆ ಹೀರುವುದರಿಂದ ಕಂದು ಚರ್ಮಕ್ಕೆ ವೈದ್ಯರು ಹೆಚ್ಚಾಗಿ ಇದನ್ನೇ ನೆಚ್ಚುತ್ತಾರೆ. ಆದರೆ ಇದಕ್ಕೆ ಶಕ್ತಿ ಜಾಸ್ತಿ ಬೇಕು, ನೋವೂ ಜಾಸ್ತಿ. ಕೈ ಪಳಗಿಲ್ಲದಿದ್ದರೆ ಗಾಯದ ಗುರುತು ಉಳಿಯಬಹುದು. ಇನ್ನು ಐಪಿಎಲ್, ಕ್ರಿಕೆಟ್ ಅಲ್ಲ, ಲೇಸರ್ ಕೂಡ ಅಲ್ಲ. ಹಲವು ತರಂಗಗಳ ಬೆಳಕನ್ನು ಫಿಲ್ಟರ್ ಮೂಲಕ ಬಿಡುವ ದೀಪ ಅದು. ಹರಡಿದ ಕೆಂಪಿಗೆ ಬಳಸುತ್ತಾರೆ, ಕಂದು ಚರ್ಮದ ಮೇಲೆ ಬಹಳ ಎಚ್ಚರ ಬೇಕು.

ಯಾವುದಾದರೂ ಒಂದೇ ಸಲಕ್ಕೆ ಮುಗಿಯುವುದು ಅಪರೂಪ. ರೊಸೇಶಿಯಾ ಇದ್ದರೆ ನಾಳಗಳು ಮತ್ತೆ ಮೂಡಬಹುದು.

ಲೇಸರಿಗಿಂತ ಮೊದಲು ನೋಡಬೇಕಾದ್ದು ಕನ್ನಡಿ ಪಕ್ಕದ ಕ್ರೀಮ್ ಟ್ಯೂಬನ್ನು. ಬೆಳ್ಳಗಾಗಲೆಂದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ಹಚ್ಚುವ ಬೆಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್‌ನಂಥ ಸ್ಟೀರಾಯ್ಡ್‌ಗಳು ಚರ್ಮವನ್ನು ತೆಳುವಾಗಿಸಿ ನಾಳಗಳನ್ನು ಎದ್ದು ಕಾಣಿಸುತ್ತವೆ. ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ 'ಸ್ಟೀರಾಯ್ಡ್‌ನಿಂದ ಹಾಳಾದ ಮುಖ' ಎಂದೇ ಹೆಸರಿಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳಿಗೆ ಚೀಟಿ ಕಡ್ಡಾಯ ಮಾಡಿತು. ಆದರೂ ಗಲ್ಲಿಯ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಕ್ರೀಮ್ ಹಚ್ಚುತ್ತಲೇ ಲೇಸರ್ ಮಾಡಿಸುವುದು ನಲ್ಲಿ ತೆರೆದಿಟ್ಟು ನೆಲ ಒರೆಸಿದಂತೆ. ಥಟ್ಟನೆ ನಿಲ್ಲಿಸಿದರೆ ಉರಿ, ಕೆಂಪು ಇನ್ನೂ ಕೆರಳುತ್ತದೆ, ಆದ್ದರಿಂದ ವೈದ್ಯರನ್ನು ಕೇಳಿಯೇ ಬಿಡಬೇಕು.

ಹಣ ಕಟ್ಟುವ ಮುನ್ನ ಕೇಳಿ: ಯಂತ್ರದ ತರಂಗಾಂತರ ಎಷ್ಟು, ಹಿಡಿಯುವವರು ಚರ್ಮವೈದ್ಯರೇ, ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸುತ್ತಾರಾ? ಬೇಸಿಗೆ ರಜೆಗೆ ಊರಿಗೆ ಹೋಗಿ ತೋಟ ಸುತ್ತಿ ಕಪ್ಪಾಗಿ ಬಂದಿದ್ದರೆ ಬಣ್ಣ ಇಳಿಯುವವರೆಗೆ ಕಾಯಿರಿ. ಸಂಶಯವಿದ್ದರೆ ಏಮ್ಸ್, ಸಫ್ದರ್‌ಜಂಗ್, ಆರ್‌ಎಂಎಲ್ ಮೂರರಲ್ಲೂ ಚರ್ಮ ವಿಭಾಗ ಇದೆ. ಕ್ಯೂ ಉದ್ದ, ನಿಜ. ಪ್ಯಾಕೇಜ್ ಮಾರುವ ಆತುರ ಮಾತ್ರ ಅಲ್ಲಿಲ್ಲ.